ಪಿಕಪ್ ಇಲ್ಲದ ಕಾರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜೋಳದ ರಾಶಿ ಮುಗಿದು ಬಿಸಿಲೇರಿತೆಂದರೆ ಹೊಲದ ದಾರಿಯ ಎರೆಮಣ್ಣು ಹಿಟ್ಟಿನಂತೆ ಏಳುತ್ತದೆ. ಅಲ್ಲೇ ದಿನವೂ ಓಡಾಡುವ ಕಾರು ಒಂದು ದಿನ ಲಾರಿಯನ್ನು ಹಿಂದಿಕ್ಕಲು ಹೋಗಿ ಅರ್ಧಕ್ಕೇ ಸೋಲುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ವೇಗ ಬರದು, ಎದುರಿಗೆ ಬಸ್ಸು. ಮನೆ ಮುಂದೆ ತಂದು ನಿಲ್ಲಿಸಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಎಂಜಿನ್ ಗುನುಗುತ್ತಿರುತ್ತದೆ!

ಈ ವಿಚಿತ್ರದಲ್ಲೇ ಸುಳಿವಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ನಿಂತಲ್ಲೇ ಓಡುವ ಎಂಜಿನ್ನಿಗೆ ಸ್ವಲ್ಪವೇ ಸಾಕು. ವೇಗ ಏರಿಸುವಾಗ ಹಲವು ಪಟ್ಟು ಗಾಳಿ ಬೇಕು. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ ಅದು ಎಲ್ಲಿಂದ ಬರಬೇಕು? ಮೂಗು ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡವನು ಕೂತಿರಬಲ್ಲ, ಓಡಲಾರ. ಹಳೆಯ ಕಾರ್ಬ್ಯುರೇಟರ್ ಕಾರಾದರೆ ಕಪ್ಪು ಹೊಗೆ ಬಿಟ್ಟು ದೂರು ಹೇಳುತ್ತದೆ. ಇಂಜೆಕ್ಷನ್ ಕಾರು ಬರುವ ಗಾಳಿಯನ್ನು ಅಂದಾಜಿಸಿ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ.

ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಬದಲಿಸಬೇಕೆಂದರೆ ಸಾವಿರಾರು ರೂಪಾಯಿಯ ಮಾತು. ಅದಕ್ಕೆ ಮೊದಲು, ಎಂಜಿನ್ ಆರಿಸಿ ತಣ್ಣಗಾದ ಮೇಲೆ, ಮಕ್ಕಳನ್ನೂ ಕರೆದು ಏರ್ ಫಿಲ್ಟರಿನ ಡಬ್ಬಿ ತೆರೆಯಿರಿ. ಕಾಗದದ ಮಡಿಕೆಗಳ ತುಂಬ ಮಣ್ಣು ಕೂತಿದ್ದರೆ ಹೊಸದು ಹಾಕಿಸಿ, ನೀರಲ್ಲಿ ತೊಳೆಯಬೇಡಿ. ಫಿಲ್ಟರ್ ಕಿತ್ತೆಸೆದು ಓಡಿಸುವ ಜಾಣರೂ ಇದ್ದಾರೆ. ಧೂಳು ಅವರ ಸಿಲಿಂಡರನ್ನು ಮರಳುಕಾಗದದಂತೆ ಸವೆಸುತ್ತದೆ.

ಏರ್ ಫಿಲ್ಟರ್ ಶುಚಿಯಾಗಿದ್ದೂ ಕಾರು ಏರಿನಲ್ಲಿ ಸೋತರೆ ಫ್ಯುಯೆಲ್ ಫಿಲ್ಟರ್ ನೋಡಿಸಿ. ಝಟಕಾ ಹೊಡೆಯುತ್ತಿದ್ದರೆ ಸ್ಪಾರ್ಕ್ ಪ್ಲಗ್. ಪಂಪಿನ ಮಾತು ಆಮೇಲೆ.