ಜೌಗು ನೆಲದ ಪರವಾಗಿ ಒಂದು ವಾದ



ಸ್ಪೇನ್ ದೇಶದಲ್ಲಿ ಸರೋವರವೊಂದಕ್ಕೆ ಕಾನೂನಿನ ಹಕ್ಕು ದೊರೆತ ಸಂಗತಿಯನ್ನು ಒಂದು ಭಾನುವಾರ ಪ್ರಬೋಧನೆಯಲ್ಲಿ ಪ್ರಸ್ತಾಪಿಸಿದ್ದೆ. ಬಲಿಪೂಜೆಯ ನಂತರ ಹಿರಿಯರೊಬ್ಬರು ಕೇಳಿದರು: "ಸ್ವಾಮಿ, ನೀರಿಗೆ ಹಕ್ಕು ಕೊಡುವುದು ನೀರನ್ನು ಪೂಜಿಸುವುದಕ್ಕೆ ಮೊದಲ ಮೆಟ್ಟಿಲಲ್ಲವೇ?" ಅವರ ಆತಂಕ ಪ್ರಾಮಾಣಿಕವಾದುದು. ಆದರೆ ಅದು ತಪ್ಪು ಕಡೆಗೆ ಬೆರಳು ತೋರುತ್ತದೆ ಎಂಬುದು ನನ್ನ ವಾದ.

ಮಾರ್ ಮೆನೊರ್ ಎಂಬ ಆ ಉಪ್ಪುನೀರಿನ ಸರೋವರ ಮೂರ್ಸಿಯ ಪ್ರಾಂತ್ಯದ ಕರಾವಳಿಯಲ್ಲಿದೆ. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಸುತ್ತಲಿನ ನೀರಾವರಿ ಹೊಲಗಳ ರಸಗೊಬ್ಬರ ವರ್ಷಗಟ್ಟಲೆ ಹರಿದುಬಂದು, ಪಾಚಿ ಹಬ್ಬಿ, ನೀರಿನೊಳಗಿನ ಆಮ್ಲಜನಕ ಕುಸಿಯಿತು. 2019ರ ಅಕ್ಟೋಬರ್‌ನಲ್ಲಿ ಉಸಿರಿಗಾಗಿ ದಡಕ್ಕೆ ನುಗ್ಗಿದ ಸಾವಿರಾರು ಮೀನು, ಸಿಗಡಿಗಳು ಅಲ್ಲಿಯೇ ಸತ್ತುಬಿದ್ದವು. 2021ರಲ್ಲಿ ಮತ್ತೆ ಅದೇ ದೃಶ್ಯ. ರಕ್ಷಣೆಯ ನಿಯಮಗಳಿರಲಿಲ್ಲವೆಂದಲ್ಲ. ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಯಲ್ಲಿ ಅದು 1994ರಿಂದಲೇ ಇತ್ತು! ಪಟ್ಟಿ ಮೀನನ್ನು ಉಳಿಸಲಿಲ್ಲ. ಕೊನೆಗೆ 6 ಲಕ್ಷಕ್ಕೂ ಹೆಚ್ಚು ನಾಗರಿಕರು ಸಹಿ ಹಾಕಿ ಮಸೂದೆಯೊಂದನ್ನು ಸಂಸತ್ತಿನ ಮುಂದಿಟ್ಟರು. 2022ರ ಸೆಪ್ಟೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ಸರೋವರ ಕಾನೂನಿನ ದೃಷ್ಟಿಯಲ್ಲಿ 'ವ್ಯಕ್ತಿ'ಯಾಯಿತು. ಅದರ ಪರವಾಗಿ ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು. 2024ರ ನವೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಕಾನೂನಿನ 'ವ್ಯಕ್ತಿ' ಮನುಷ್ಯನೂ ಅಲ್ಲ, ದೇವರೂ ಅಲ್ಲ. ನೋಂದಣಿಯಾದ ಪ್ರತಿಯೊಂದು ಕಂಪನಿಯೂ ಅಂತಹ ವ್ಯಕ್ತಿಯೇ; ಅದು ಆಸ್ತಿ ಹೊಂದುತ್ತದೆ, ದಾವೆ ಹೂಡುತ್ತದೆ. ಆತ್ಮವಿಲ್ಲದ ಕಂಪನಿಗೆ ವ್ಯಕ್ತಿತ್ವ ಕೊಟ್ಟಾಗ ವಿಗ್ರಹಾರಾಧನೆಯ ಭಯ ನಮ್ಮನ್ನು ಕಾಡಲಿಲ್ಲ. (ಧನವನ್ನು ಕುರಿತು ಪ್ರಭು ಕ್ರಿಸ್ತರು ಎಚ್ಚರಿಸಿದ್ದನ್ನು ನೆನೆದರೆ, ಅಲ್ಲಿಯೇ ಕಾಡಬೇಕಿತ್ತು.) ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ನೆಲದ ವ್ಯಾಜ್ಯವನ್ನೇ ನೋಡಿ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಗರದ ಕೆರೆಗಳ ಸುತ್ತ 75 ಮೀಟರ್ ಅಂಚನ್ನು ಕಟ್ಟಡವಿಲ್ಲದೆ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಕಾನೂನಿನ ಪ್ರಕಾರ ತೀರ್ಪು ಸರಿಯೇ ಇರಬಹುದು. ಆದರೆ ಅಲ್ಲಿ ಕಟ್ಟಡ ಕಂಪನಿಗಳು ವ್ಯಕ್ತಿಗಳಾಗಿ ನಿಂತಿದ್ದವು. ಕೆರೆ ವಾದದ ವಿಷಯವಾಗಿತ್ತೇ ಹೊರತು ವಾದಿಯಾಗಿರಲಿಲ್ಲ.

ಗಂಗಾ, ಯಮುನಾ ನದಿಗಳನ್ನು ಉತ್ತರಾಖಂಡ ಹೈಕೋರ್ಟ್ 2017ರ ಮಾರ್ಚ್‌ನಲ್ಲಿ ವ್ಯಕ್ತಿಗಳೆಂದು ಘೋಷಿಸಿದಾಗ, ಪ್ರವಾಹ ಬಂದರೆ ಪರಿಹಾರ ತೆರುವವರಾರು ಎಂಬ ಪ್ರಶ್ನೆ ಎದ್ದಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಪಾಲಕರ ಹೊಣೆಯನ್ನು ಸ್ಪಷ್ಟಪಡಿಸದ ಹಕ್ಕು ಬರಿಯ ಬಿರುದು.

ಇನ್ನು ಪವಿತ್ರಗ್ರಂಥ. ಏಳನೆಯ ವರ್ಷದ ವಿಶ್ರಾಂತಿ ಭೂಮಿಗೇ ಸಲ್ಲಬೇಕೆಂದೂ, ನೆಲ ಸರ್ವೇಶ್ವರನದು, ನಾವು ಒಕ್ಕಲುಗಳು ಮಾತ್ರವೆಂದೂ ಯಾಜಕಕಾಂಡದ 25ನೆಯ ಅಧ್ಯಾಯ ಸಾರುತ್ತದೆ. ಮುಂದಿನ ಅಧ್ಯಾಯ ಇನ್ನೂ ಕಠಿಣ: ಜನರು ಕೊಡದೆ ಉಳಿಸಿಕೊಂಡ ವಿಶ್ರಾಂತಿಯನ್ನು, ಅವರು ಗಡಿಪಾರಾದಾಗ ಭೂಮಿ ತಾನೇ ವಸೂಲು ಮಾಡಿಕೊಳ್ಳುತ್ತದೆ. ಬಾಕಿ ವಸೂಲು ಮಾಡಬಲ್ಲ ಭೂಮಿಗೆ ಹಕ್ಕೇ ಇಲ್ಲವೆಂದು ಹೇಗೆ ಹೇಳೋಣ? ಜಗದ್ಗುರು ಫ್ರಾನ್ಸಿಸ್‌ರವರು 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಪರಿಸರಕ್ಕೂ ಹಕ್ಕಿದೆ ಎಂದು ನಿಸ್ಸಂದಿಗ್ಧವಾಗಿ ನುಡಿದರು. ಪ್ರಕೃತಿಯನ್ನು ದೇವರೆಂದು ತಿಳಿದು ಅವರು ಹಾಗೆ ನುಡಿಯಲಿಲ್ಲ. ಅದು ದೇವರದು ಎಂದು ತಿಳಿದು ನುಡಿದರು.

ಪರರತ್ತ ಕಲ್ಲೆಸೆಯುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ ದೇವಾಲಯದ ಪಕ್ಕದ ತಗ್ಗು ನೆಲದಲ್ಲಿ ವರ್ಷಕ್ಕೆ ಐದಾರು ತಿಂಗಳು ನೀರು ನಿಲ್ಲುತ್ತಿತ್ತು, ಕೊಕ್ಕರೆಗಳು ಬರುತ್ತಿದ್ದವು. ವಾಹನ ನಿಲುಗಡೆಗೆಂದು ಅದನ್ನು ಮಣ್ಣು ಹೊಡೆಸಿ ಮುಚ್ಚಿಸಿದವನು ನಾನೇ. ಪಾಲನಾ ಸಮಿತಿಯಲ್ಲಿ ಖರ್ಚಿನ ಚರ್ಚೆ ಎರಡು ಗಂಟೆ ನಡೆಯಿತು, ನೀರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಈಗ ಮಳೆಗಾಲದಲ್ಲಿ ಆ ನೀರು ಹಿಂಬದಿಯ ಮೂರು ಮನೆಗಳ ಅಂಗಳಕ್ಕೆ ನುಗ್ಗುತ್ತದೆ.

ಸಂಸತ್ತು ಕಾಯಿದೆ ಮಾಡುವವರೆಗೆ ನಾವೇಕೆ ಕಾಯಬೇಕು? ಧರ್ಮಸಭೆಯ ಒಡೆತನದ ಒಂದು ಬುಟ್ಟಿ ಜೌಗು ನೆಲವನ್ನು ಮುಚ್ಚುವ ಪ್ರಸ್ತಾಪ ಬಂದರೂ, ಆ ನೆಲದ ಪರವಾಗಿ ವಾದಿಸಲು ಒಬ್ಬರನ್ನು ನೇಮಿಸಿ, ಅವರ ಮಾತನ್ನು ದಾಖಲೆ ಪುಸ್ತಕದಲ್ಲಿ ಬರೆದ ಮೇಲೆಯೇ ಮತಕ್ಕೆ ಹಾಕಲಿ. ನನ್ನನ್ನು ಪ್ರಶ್ನಿಸಿದ ಆ ಹಿರಿಯರಿಗೆ ಮೊದಲ ಸರದಿ ಕೊಡಲು ನಾನು ಸಿದ್ಧನಿದ್ದೇನೆ.