ಇಡುಗಂಟು ಇಟ್ಟವಳಿಗೇ ದಂಡವೆ?

ಚಳಿಗಾಲದಲ್ಲಿ ಮಾಗಡಿಯ ಕೆರೆಗೆ ದೂರದ ಮಂಗೋಲಿಯಾದ ಕಡೆಯಿಂದ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಗೆ ಕಲ್ಲೆಸೆಯುವವನನ್ನು ಊರವರು ಗದರುತ್ತಾರೆ. ಹಕ್ಕಿಯೇಕೆ ಬಂದಿತೆಂದು ಯಾರೂ ಕೇಳುವುದಿಲ್ಲ. ಆದರೆ ಒಲಿದವನನ್ನು ನಂಬಿ ಹುಡುಗಿಯೊಬ್ಬಳು ಕಳುಹಿಸಿದ ಭಾವಚಿತ್ರವನ್ನು ಅವನು ಮನಸ್ತಾಪವಾದ ಮರುದಿನ ಹತ್ತಾರು ಮೊಬೈಲುಗಳಿಗೆ ಹಂಚಿದಾಗ, ಜೀವದಯೆಯನ್ನು ಕುಲಧರ್ಮವೆಂದು ಸಾರುವ ಮನೆಗಳಲ್ಲಿಯೂ ಏಳುವ ಮೊದಲ ಪ್ರಶ್ನೆ 'ಇವಳೇಕೆ ಕಳುಹಿಸಿದಳು?' ಎಂಬುದೇ. ನಾಲ್ಕು ಜನರ ಬಾಯಿಗೆ ಬೀಳುವ ಭಯದಲ್ಲಿ ಅವಳ ಕಾಲೇಜು ಬಿಡಿಸುವುದು, ಅವಸರದಲ್ಲಿ ವರನನ್ನು ಹುಡುಕುವುದು, ಇವೇ ಪರಿಹಾರಗಳೆನಿಸುತ್ತವೆ. ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ 12 ಗ್ರಾಮಗಳ ಒಂದು ಸಮುದಾಯವು 2019ರಲ್ಲಿ ಅವಿವಾಹಿತ ಯುವತಿಯರಿಗೆ ಮೊಬೈಲನ್ನೇ ನಿಷೇಧಿಸಿತು.

ಇಂತಹ ತೀರ್ಪಿಗೆ ಜಿನಾಗಮದ ಆಧಾರವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರ ಏಕಾಂತದ ನಡೆಯನ್ನು ಬಯಲಿಗೆಳೆಯುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕೂಟಲೇಖಕ್ರಿಯೆಯೆಂದರೆ ಪರರು ಮಾಡದುದನ್ನು ಮಾಡಿದರೆಂದು ವಂಚನೆಯಿಂದ ಬರೆಯುವುದು. ಕೃತಕ ಬುದ್ಧಿಮತ್ತೆಯಿಂದ ಒಬ್ಬಳ ಮುಖವನ್ನು ಅನ್ಯದೇಹಕ್ಕೆ ಅಂಟಿಸುವವನ ಕೃತ್ಯ ಬೇರೇನು? ಇನ್ನು ನ್ಯಾಸಾಪಹಾರ, ನಂಬಿ ಇಟ್ಟ ಇಡುಗಂಟಿನ ಅಪಹಾರ. ವ್ಯಾಪಾರಿ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇಡುಗಂಟು ನುಂಗಿದ ಸಾಹುಕಾರನನ್ನು ಬಿಟ್ಟು ಇಟ್ಟವನಿಗೆ ದಂಡ ಹಾಕಿದ ಪಂಚಾಯಿತಿ ಯಾವ ಪೇಟೆಯಲ್ಲಿದೆ? ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮೂ ಇದನ್ನೇ ಹೇಳುತ್ತದೆ: ಖಾಸಗಿ ಚಿತ್ರ ತೆಗೆಯಲು ಸ್ತ್ರೀಯು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ.

ನೋಡಿದವರ ಪಾಲೂ ಇದೆ. 2024ರ ಏಪ್ರಿಲಿನಲ್ಲಿ ಹಾಸನದಲ್ಲಿ ಪೆನ್‌ಡ್ರೈವುಗಳು ಹರಿದಾಡಿದಾಗ ಸಂತ್ರಸ್ತೆಯರ ಮುಖವನ್ನೂ ಮರೆಮಾಡಿರಲಿಲ್ಲ. ಕೌತುಕದಿಂದ ನೋಡಿ ಮುಂದಕ್ಕೆ ತಳ್ಳಿದವರು ತಾವು ನಿರ್ದೋಷಿಗಳೆಂದು ಭಾವಿಸಬಹುದು. ಕೃತದೊಡನೆ ಕಾರಿತ, ಅನುಮೋದನೆಗಳನ್ನೂ ಹಿಂಸೆಯೆಂದೇ ಎಣಿಸುವ ಧರ್ಮ ಹಾಗೆ ಭಾವಿಸದು.

ಬಸದಿಗಳ ಆಡಳಿತ ಮಂಡಳಿಗಳು ಪಂಚಕಲ್ಯಾಣದ ಪತ್ರಿಕೆ ಅಚ್ಚುಹಾಕಿಸುವಷ್ಟೇ ಶ್ರದ್ಧೆಯಿಂದ ಪಾಠಶಾಲೆಯ ಹುಡುಗರಿಗೆ ಈ ಮೂರು ಅತಿಚಾರಗಳನ್ನು ಇಂದಿನ ಮಾತಿನಲ್ಲಿ ಕಲಿಸಲಿ. ಗೆಳತಿಯ ಗುಪ್ತಪದ ಕೇಳುವುದು, ಅವಳಿರುವ ಜಾಗವನ್ನು ಗಳಿಗೆಗೊಮ್ಮೆ ವಿಚಾರಿಸುವುದು ಪ್ರೀತಿಯಲ್ಲವೆಂಬುದೂ ಆ ಪಾಠದಲ್ಲಿರಲಿ. ಬೆದರಿದ ಮಗು ನಿರ್ಭಯವಾಗಿ ಬಂದು ಹೇಳಿಕೊಳ್ಳಲು ಗುಟ್ಟು ಕಾಯಬಲ್ಲ ಶ್ರಾವಿಕೆಯೊಬ್ಬರು ಪ್ರತಿ ಊರಿನಲ್ಲಿಯೂ ಇರಲಿ. ಅಂಥವರು ಮೊದಲು ಮಾಡಬೇಕಾದುದು ಉಪದೇಶವಲ್ಲ. ಬೆದರಿಕೆಯ ಸಂದೇಶ, ದಿನಾಂಕ, ಕಳುಹಿಸಿದ ಸಂಖ್ಯೆ ಅಳಿಸಿಹೋಗದಂತೆ ಕಾದಿಟ್ಟು, 18 ತುಂಬದವಳಾದರೆ 1098ಕ್ಕೆ ಕರೆಮಾಡಿ, ಪೊಲೀಸ್ ಠಾಣೆಗೆ ಅವಳ ಜೊತೆಯಲ್ಲಿ ತಾವೂ ನಡೆಯುವುದು.