ಹೆಸರಿನೊಳಗಣ ಕಥೆ

ನಮ್ಮ ನೆರೆಮನೆಯ ಬೇಲಿಯ ಮೇಲೆ ಹಬ್ಬಿದ ಬಳ್ಳಿಯೊಂದು ಈಚೆಗೆ ಹೂಬಿಟ್ಟಿತು. ಆ ಮನೆಯ ಅಜ್ಜಿ ಅದನ್ನು ‘ಕೌರವ-ಪಾಂಡವರ ಹೂ’ ಎನ್ನುವರು. ಮೊಮ್ಮಗಳು ‘ಪ್ಯಾಶನ್ ಫ್ಲವರ್’ ಎನ್ನುವಳು. ನಿಘಂಟಿನಲ್ಲಿ ‘ಪ್ಯಾಶನ್’ ಎಂಬುದಕ್ಕೆ ಮೋಹ, ಆವೇಶ ಎಂಬ ಅರ್ಥಗಳನ್ನು ಕಂಡ ಹುಡುಗಿ, ಸೌಮ್ಯವಾದ ಈ ಹೂವಿಗೆ ಅಂಥ ಹೆಸರೇಕೆಂದು ನಮ್ಮನ್ನು ಕೇಳಿದಳು.

ಇಲ್ಲಿ ಆ ಶಬ್ದಕ್ಕೆ ಯಾತನೆಯೆಂದು ಅರ್ಥ. ಲ್ಯಾಟಿನ್ ಮೂಲದಲ್ಲಿಯೂ ಹಾಗೆಯೇ. ಬಳ್ಳಿಯ ತವರು ಅಮೆರಿಕಾ ಖಂಡ. ಅಲ್ಲಿಗೆ ಹೋದ ಸ್ಪೆಯಿನ್ ದೇಶದ ಪಾದ್ರಿಗಳು ಈ ಹೂವಿನಲ್ಲಿ ಯೇಸುವಿನ ಶಿಲುಬೆಯ ಕಥೆಯನ್ನೇ ಓದಿದರು. ಸುತ್ತಲಿನ ಎಳೆಗಳು ಮುಳ್ಳಿನ ಕಿರೀಟ. ಐದು ಕೇಸರಗಳು ಐದು ಗಾಯಗಳು. ನೆತ್ತಿಯಲ್ಲಿರುವ, ತಲೆಯುಳ್ಳ ಮೂರು ಕಡ್ಡಿಗಳು ಮೊಳೆಗಳು. ಹೊರಗಣ ಹತ್ತು ಎಸಳುಗಳು ಶಿಷ್ಯರು. ಶಿಷ್ಯರು ಹನ್ನೆರಡು ಮಂದಿಯಲ್ಲವೆ? ಗುರುವನ್ನು ಹಿಡಿದುಕೊಟ್ಟ ಯೂದನನ್ನೂ, ಅವನನ್ನು ಅರಿಯೆನೆಂದ ಪೇತ್ರನನ್ನೂ ಬಿಟ್ಟು ಎಣಿಸಿದರಂತೆ! ಅಜ್ಜಿಯ ಲೆಕ್ಕದಲ್ಲಿ ಅವೇ ಎಳೆಗಳು ನೂರು ಮಂದಿ ಕೌರವರು, ಅವೇ ಐದು ಪಾಂಡವರು, ಅವೇ ಮೂರು ತ್ರಿಮೂರ್ತಿಗಳು. ಎಣಿಸಿದರೆ ಎಳೆಗಳು ನೂರೇ ಇರುವುವೆಂದು ನಾವು ಪ್ರಮಾಣ ಮಾಡಲಾರೆವು. ಕೊಡಗಿನಲ್ಲಿ ಪಾನಕಕ್ಕೆ ಬಳಸುವ ಪ್ಯಾಶನ್ ಹಣ್ಣು ಈ ಕುಲದ ಇನ್ನೊಂದು ಬಳ್ಳಿಯದು.

ಯೂದನ ಹೆಸರು ಒಂದು ಮರಕ್ಕೂ ಅಂಟಿಕೊಂಡಿದೆ. ಭೂಮಧ್ಯ ಸಮುದ್ರದ ಸುತ್ತಣ ನಾಡುಗಳಲ್ಲಿ ಬೆಳೆಯುವ ಆ ಮರ ವಸಂತದಲ್ಲಿ ಎಲೆ ಚಿಗುರುವ ಮೊದಲೇ, ಬರಿಯ ಕಾಂಡದ ಮೇಲೂ ನಸುಗೆಂಪು ಹೂಗಳನ್ನು ತಳೆಯುವುದು. ಯೂದನು ಅದಕ್ಕೇ ಉರುಲು ಹಾಕಿಕೊಂಡನೆಂದೂ, ಬಿಳಿಯ ಹೂಗಳು ನಾಚಿಕೆಯಿಂದ ಕೆಂಪಾದುವೆಂದೂ ಐತಿಹ್ಯ. ಬೈಬಲಿನಲ್ಲಿಯಾದರೋ ಮರದ ಹೆಸರೇ ಇಲ್ಲ. ಫ್ರೆಂಚರು ಅದನ್ನು ‘ಯೂದಾಯದ ಮರ’ವೆನ್ನುವರು, ದೇಶದ ಹೆಸರು ದ್ರೋಹಿಯ ಹೆಸರಾಗಿ ತಿರುಗಿತೆಂದು ಕೆಲವು ವಿದ್ವಾಂಸರ ಊಹೆ. ಹಾಗಿದ್ದರೆ ಪಾಪ, ಯಾವ ಅಪರಾಧವನ್ನೂ ಮಾಡದ ಮರಕ್ಕೆ ಇಷ್ಟು ಕಾಲದ ಅಪಕೀರ್ತಿ!

ನಾವು ಕಂಠಮಣಿಯೆಂಬುದನ್ನು ಇಂಗ್ಲಿಷರು ‘ಆದಾಮನ ಸೇಬು’ ಎನ್ನುವರು. ನಿಷೇಧಿಸಿದ ಹಣ್ಣು ಆದಿಪುರುಷನ ಗಂಟಲಲ್ಲಿ ಸಿಕ್ಕಿಕೊಂಡಿತೆಂಬ ಭಾವ. ಆದಿಕಾಂಡದಲ್ಲಿ ಅದು ಸೇಬೆಂದು ಎಲ್ಲಿಯೂ ಹೇಳಿಲ್ಲ. ಬಾಳೆಯೇ ಆ ಹಣ್ಣೆಂಬ ನಂಬಿಕೆಯೂ ಹಿಂದೆ ಇದ್ದಿತು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಬಾಳೆಗೆ ಇಟ್ಟ ‘ಮ್ಯೂಸಾ ಪ್ಯಾರಡಿಸಿಯಾಕ’ ಎಂಬ ಹೆಸರಿನಲ್ಲಿ ಆ ಸ್ವರ್ಗದ ತೋಟ ಇಂದಿಗೂ ಉಳಿದಿದೆ.

ಇದನ್ನು ಹುಡುಗಿಗೆ ಹೇಳುತ್ತಿದ್ದಂತೆಯೇ ಅಜ್ಜಿ ಒಳಗಿನಿಂದ ಒಂದು ಚಿಪ್ಪು ಬಾಳೆಹಣ್ಣನ್ನು ತಂದು ನಮ್ಮ ಮುಂದಿಟ್ಟರು.